ನಂಬರಿನಿಂದ ಹೆಸರಿಗೆ: ರಿವರ್ಸ್ ಲುಕಪ್

ಟರ್ಮಿನಲ್‌ನಲ್ಲಿ ‘ಡಿಗ್ -ಎಕ್ಸ್ 8.8.8.8’ ಅಂತ ಹೊಡೆದು ನೋಡಿ. ‘ಡಿಎನ್ಎಸ್.ಗೂಗಲ್’ ಅನ್ನೋ ಹೆಸರು ಬರುತ್ತದೆ. ಇದೇ ರಿವರ್ಸ್ ಲುಕಪ್. ಹೆಸರು–ಐಪಿ ಪಟ್ಟಿಯನ್ನೇ ಹಿಂದುಮುಂದಾಗಿ ಹುಡುಕುತ್ತಾರೆ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ, ಅದಕ್ಕೆ ಬೇರೆ ಮರವೇ ಇದೆ.

203.0.113.25 ತಗೊಳ್ಳಿ (ಉದಾಹರಣೆಗೆಂದೇ ಮೀಸಲಿಟ್ಟ ಐಪಿ). ರಿಸಾಲ್ವರ್ ಇದನ್ನು ತಿರುಗಿಸಿ 25.113.0.203.ಇನ್-ಆಡ್ರ್.ಆರ್ಪ ಎಂಬ ಡೊಮೇನ್ ಹೆಸರು ಮಾಡಿಕೊಂಡು, ಅದರ ಪಿಟಿಆರ್ ರೆಕಾರ್ಡ್ ಕೇಳುತ್ತದೆ. ತಿರುಗಿಸೋದು ಯಾಕೆ? ಡೊಮೇನ್ ಹೆಸರು ಲಕೋಟೆ ಮೇಲಿನ ವಿಳಾಸದ ಹಾಗೆ: ಮೊದಲು ಮನೆ, ಕೊನೆಗೆ ಊರು. ಐಪಿ ಲ್ಯಾಂಡ್‌ಲೈನ್ ನಂಬರಿನ ಹಾಗೆ: ಮೊದಲೇ ಎಸ್‌ಟಿಡಿ ಕೋಡ್. ತಿರುಗಿಸಿದರೆ ಎರಡೂ ಒಂದೇ ಕ್ರಮಕ್ಕೆ ಬರುತ್ತವೆ. ಆಗ 203ರ ಹೊಣೆ ಏಷ್ಯಾ-ಪೆಸಿಫಿಕ್ ವಲಯದ ಎಪಿನಿಕ್‌ಗೆ, ಅದರೊಳಗಿನ ತುಂಡುಗಳ ಹೊಣೆ ಅವನ್ನು ಪಡೆದವರಿಗೆ ಅಂತ ಹಂಚಬಹುದು.

ಎಡವೋದು ಇಲ್ಲೇ. ಡೊಮೇನ್ ನಿಮ್ಮದು, ಐಪಿ ಮಾತ್ರ ಸರ್ವರ್ ಬಾಡಿಗೆ ಕೊಟ್ಟವರದು. ಫೆಸ್ಟ್‌ಗೆ ಸ್ವಂತ ಮೇಲ್ ಸರ್ವರ್ ಹಾಕಿದಾಗ ನಾವು ಪಿಟಿಆರನ್ನು ನಮ್ಮ ಡೊಮೇನ್ ಸೆಟ್ಟಿಂಗ್ಸ್‌ನಲ್ಲೇ ಬರೆದು ಎರಡು ದಿನ ಕಾದೆವು. ಅಲ್ಲಿಗೆ ಅದನ್ನು ಕೇಳಲು ಯಾರೂ ಬರೋದೇ ಇಲ್ಲ! ಮೇಲ್‌ಗಳೆಲ್ಲ ವಾಪಸ್, ಪಿಟಿಆರ್ ಇಲ್ಲದ ಐಪಿಯನ್ನು ಎಷ್ಟೋ ಮೇಲ್ ಸೇವೆಗಳು ಒಳಗೇ ಬಿಡಲ್ಲ. ಕೊನೆಗೆ ಬಾಡಿಗೆ ಕೊಟ್ಟವರಿಗೆ ಹೇಳಿ ಹಾಕಿಸಿದೆವು.

ಹಾಗಂತ ಪಿಟಿಆರ್ ಹೇಳಿದ್ದೆಲ್ಲ ನಿಜ ಅಲ್ಲ. ಬ್ಲಾಕ್ ಕೈಲಿರುವವರು ಅದರಲ್ಲಿ ಯಾರ ಹೆಸರನ್ನಾದರೂ ಬರೆಯಬಹುದು. ಬಂದ ಹೆಸರನ್ನು ಮತ್ತೆ ಮಾಮೂಲಿ ದಾರಿಯಲ್ಲಿ ಹುಡುಕಿ. ಅದೇ ಐಪಿ ಸಿಕ್ಕರೆ ಮಾತ್ರ ನಂಬಿ.