ಎರಡು ಕಂಪ್ಯೂಟರ್, ಒಂದು ಚಿತ್ರಸಂಗ್ರಹ: ಪ್ರವಾಸದ ಚಿತ್ರಗಳನ್ನು ಒಗ್ಗೂಡಿಸುವ ಮಾದರಿ ಪಾಠ

ಹಿನ್ನೆಲೆ

ನಮ್ಮ ಬಿ.ಇಡಿ. ಪ್ರಶಿಕ್ಷಣಾರ್ಥಿಗಳ ಅಧ್ಯಯನ ಪ್ರವಾಸ ಅರಸೀಕೆರೆ, ಹಳೇಬೀಡು, ಬೇಲೂರು ಎಂಬ ಕ್ರಮದಲ್ಲಿ ಒಂದೇ ದಿನ ನಡೆಯಿತು. ಎರಡು ಗುಂಪು, ಎರಡು ಕ್ಯಾಮೆರಾ. ಒಂದು ಗುಂಪಿನ ಚಿತ್ರಗಳು ಗಣಕ ಪ್ರಯೋಗಾಲಯದ ಕಂಪ್ಯೂಟರಿಗೂ ಇನ್ನೊಂದು ಗುಂಪಿನವು ಸಮಾಜ ವಿಜ್ಞಾನ ವಿಭಾಗದ ಲ್ಯಾಪ್‌ಟಾಪಿಗೂ ಸೇರಿದವು. ನಂತರ ಪೆನ್‌ಡ್ರೈವಿನಲ್ಲಿ ಅತ್ತಿತ್ತ ಹೋದ ಪ್ರತಿಗಳು, ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿಗಳು ಎರಡರಲ್ಲೂ ಬೆರೆತವು. ಇವನ್ನು ಒಂದು ಸಂಗ್ರಹವಾಗಿಸುವ ಕೆಲಸವನ್ನು ನಾನು ಎರಡು ಅವಧಿಗಳ ಮಾದರಿ ಪಾಠವಾಗಿ ತೆಗೆದುಕೊಂಡೆ.

ಈ ಚಿತ್ರಗಳು ಮುಂದೆ ಶಾಲೆಗಳಲ್ಲಿ ಕಲಿಕೋಪಕರಣವಾಗುತ್ತವೆ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. ಅರಸೀಕೆರೆಯ ಈಶ್ವರ ದೇವಾಲಯ 1220ರದು. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು. ಅರಸೀಕೆರೆಯದು ಆ ಪಟ್ಟಿಯಲ್ಲಿಲ್ಲ. ಅರಸೀಕೆರೆಯ ಚಿತ್ರ ಬೇಲೂರಿನ ಫೋಲ್ಡರಿಗೆ ಹೋದರೆ ಶತಮಾನವೊಂದರ ಅಂತರವೇ ಅಳಿಸಿಹೋಗುತ್ತದೆ, ಮಕ್ಕಳು ಅದನ್ನೇ ನಂಬಿ ಬರೆದುಕೊಳ್ಳುತ್ತಾರೆ.

ಉದ್ದೇಶಗಳು

ಪಾಠದ ಕೊನೆಗೆ ಪ್ರಶಿಕ್ಷಣಾರ್ಥಿಗಳು:
1. ಎರಡು ಕಡತಗಳು ಒಂದೇ ಚಿತ್ರವೋ ಅಲ್ಲವೋ ಎಂಬುದನ್ನು ಪರೀಕ್ಷಿಸಿ ಹೇಳುವರು.
2. ಕ್ಯಾಮೆರಾ ಗಡಿಯಾರದ ವ್ಯತ್ಯಾಸವನ್ನು ಲೆಕ್ಕಹಾಕಿ ಸರಿಪಡಿಸುವರು.
3. ಒಗ್ಗೂಡಿಸುವುದಕ್ಕೂ ಸಿಂಕ್ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುವರು.

ಪೂರ್ವಸಿದ್ಧತೆ

ಎರಡೂ ಯಂತ್ರಗಳ ಚಿತ್ರಗಳನ್ನು ಹಾಗೆಯೇ, ಯಾವುದನ್ನೂ ಮುಟ್ಟದೆ, ಒಂದು ಹೊರ ಹಾರ್ಡ್‌ಡಿಸ್ಕಿನ ಎರಡು ಪ್ರತ್ಯೇಕ ಫೋಲ್ಡರುಗಳಿಗೆ ನಕಲು ಮಾಡಿ ಆ ಡಿಸ್ಕನ್ನು ತೆಗೆದಿಟ್ಟೆ. ತರಗತಿಯಲ್ಲಿ ಏನೇ ಎಡವಟ್ಟಾದರೂ ಮೂಲಕ್ಕೆ ಮರಳಲು ಇದೊಂದೇ ದಾರಿ. ತರಗತಿಯ ಅಭ್ಯಾಸಕ್ಕೆ 12 ಕಡತಗಳನ್ನು ಆರಿಸಿಕೊಂಡೆ.

ಹಂತ 1: ಯಾವುದು ಒಂದೇ, ಯಾವುದು ಬೇರೆ?

ಪ್ರಶ್ನೆ: ಎರಡು ಯಂತ್ರಗಳಲ್ಲೂ 0457 ಸಂಖ್ಯೆಯ ಚಿತ್ರವಿದೆ. ಒಂದನ್ನು ಅಳಿಸಬಹುದೆ?

ಹಲವರು 'ಹೌದು' ಎಂದರು. ತೆರೆದು ನೋಡಿದಾಗ ಒಂದರಲ್ಲಿ ಹಳೇಬೀಡಿನ ಆನೆಗಳ ಸಾಲು, ಇನ್ನೊಂದರಲ್ಲಿ ಬೇಲೂರಿನ ಮದನಿಕೆ. ಕ್ಯಾಮೆರಾಗಳು ಸಾಮಾನ್ಯವಾಗಿ ಚಿತ್ರಗಳಿಗೆ 0001ರಿಂದ 9999ರವರೆಗೆ ಸಂಖ್ಯೆ ಕೊಟ್ಟು ಮತ್ತೆ ಮೊದಲಿನಿಂದ ಆರಂಭಿಸುತ್ತವೆ. ಒಂದೇ ಕಂಪನಿಯ ಎರಡು ಕ್ಯಾಮೆರಾಗಳಲ್ಲಿ ಒಂದೇ ಹೆಸರು ಬರುವುದು ಸಹಜ. ಒಂದು ಫೋಲ್ಡರನ್ನು ಇನ್ನೊಂದರ ಮೇಲೆ ನಕಲಿಸುವಾಗ ಕಂಪ್ಯೂಟರ್ 'ಬದಲಾಯಿಸಲೆ?' ಎಂದು ಕೇಳುತ್ತದೆ. 'ಹೌದು' ಎಂದು ಒತ್ತಿದರೆ ಆನೆಯೋ ಮದನಿಕೆಯೋ ಒಂದು ಹೋಯಿತು.

ಚರ್ಚೆಯ ಫಲವಾಗಿ ಕಪ್ಪುಹಲಗೆಯ ಮೇಲೆ ಮೂರು ವರ್ಗಗಳು ಮೂಡಿದವು:

ಅ) ಹೆಸರು ಒಂದೇ, ಚಿತ್ರ ಬೇರೆ. ಎರಡನ್ನೂ ಉಳಿಸಬೇಕು, ಹೆಸರು ಬದಲಿಸಬೇಕು.
ಆ) ಹೆಸರು ಬೇರೆ, ಕಡತ ಒಂದೇ. ಪೆನ್‌ಡ್ರೈವಿನಲ್ಲಿ ಹೋಗಿ ಹೊಸ ಹೆಸರು ಪಡೆದ ಪ್ರತಿ. ಒಂದು ಸಾಕು.
ಇ) ನೋಟ ಒಂದೇ, ಕಡತ ಬೇರೆ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದಾಗ ಗಾತ್ರ ಕುಗ್ಗುತ್ತದೆ, ತೆಗೆದ ದಿನಾಂಕ-ಸಮಯದ ವಿವರ ಕಳಚಿಹೋಗುತ್ತದೆ. ಮೂಲವನ್ನು ಇಟ್ಟುಕೊಳ್ಳಬೇಕು, ಮೂಲ ಸಿಗದಿದ್ದರೆ ಮಾತ್ರ ಈ ಪ್ರತಿ.

ಮೊದಲ ಎರಡು ವರ್ಗಗಳನ್ನು ಗುರುತಿಸಲು ಹ್ಯಾಶ್ ಸಂಖ್ಯೆಯನ್ನು ಪರಿಚಯಿಸಿದೆ. ಕಡತದೊಳಗಿನ ಪ್ರತಿಯೊಂದು ಬೈಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬರುವ ಇದು ಕಡತದ ಹೆಬ್ಬೆಟ್ಟಿನ ಗುರುತಿನಂತೆ. ಹೆಸರು ಬದಲಿಸಿದರೆ ಅದು ಬದಲಾಗದು. ಒಳಗೆ ಒಂದು ಅಕ್ಷರದ ಶೀರ್ಷಿಕೆ ಸೇರಿಸಿದರೂ ಬದಲಾಗುತ್ತದೆ. ಆದ್ದರಿಂದ ಹೋಲಿಕೆ ಮೊದಲು, ಶೀರ್ಷಿಕೆ ಬರೆಯುವುದು ಆಮೇಲೆ. ಮೂರನೆಯ ವರ್ಗವನ್ನು ಕಣ್ಣಿನಿಂದಲೇ ನೋಡಿ ನಿರ್ಧರಿಸಬೇಕು. ಡಿಜಿಕ್ಯಾಮ್‌ನಂಥ ಉಚಿತ ತಂತ್ರಾಂಶ ಹೋಲುವ ಚಿತ್ರಗಳನ್ನು ಹುಡುಕಿಕೊಡುತ್ತದೆ, ತೀರ್ಮಾನ ನಮ್ಮದೇ.

ಹಂತ 2: ಗಡಿಯಾರ ಸರಿಪಡಿಸುವುದು

ಅರಸೀಕೆರೆಯಲ್ಲಿ ಬಸ್ಸಿಳಿದ ಕೂಡಲೇ ಎರಡೂ ಕ್ಯಾಮೆರಾಗಳಿಂದ ಒಂದೇ ಕೈಗಡಿಯಾರದ ಚಿತ್ರ ತೆಗೆಸಿದ್ದೆ. ಗಡಿಯಾರದಲ್ಲಿ 9:40. ಮೊದಲ ಕ್ಯಾಮೆರಾ ದಾಖಲಿಸಿದ್ದು 9:40, ಎರಡನೆಯದು 10:27. ಅಂದರೆ ಎರಡನೆಯದು 47 ನಿಮಿಷ ಮುಂದೆ.

ಪ್ರಶ್ನೆ: ನಾವು ಮಧ್ಯಾಹ್ನ 1:50ಕ್ಕೆ ಹಳೇಬೀಡು ಬಿಟ್ಟು 2:20ಕ್ಕೆ ಬೇಲೂರು ತಲುಪಿದೆವು. ಎರಡನೆಯ ಕ್ಯಾಮೆರಾದಲ್ಲಿ 2:27 ಎಂದಿರುವ ಚಿತ್ರ ಎಲ್ಲಿಯದು?

47 ಕಳೆದಾಗ 1:40, ಹಳೇಬೀಡಿನದು. ಸರಿಪಡಿಸದೆ ಸಮಯದ ಪ್ರಕಾರ ಜೋಡಿಸಿದ್ದರೆ ಹೊಯ್ಸಳೇಶ್ವರನ ನಂದಿ ಬೇಲೂರಿನ ಕೇಶವನ ಅಂಗಳದಲ್ಲಿ ಕೂತಿರುತ್ತಿತ್ತು. ತರಗತಿ ನಕ್ಕಿತು, ಲೆಕ್ಕ ಎಲ್ಲರಿಗೂ ನೆನಪುಳಿಯಿತು.

ಹಂತ 3: ಹೆಸರು

ದಿನಾಂಕ, ಸ್ಥಳ, ಕ್ಯಾಮೆರಾ, ಮೂಲ ಸಂಖ್ಯೆ ಎಂಬ ಕ್ರಮದಲ್ಲಿ ಹೆಸರಿಟ್ಟೆವು. ಕನ್ನಡದಲ್ಲಿ ಹೆಸರಿಡುವವರಿಗೆ ಎರಡು ಎಚ್ಚರಿಕೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಟೈಪು ಮಾಡಿದ ಹೆಸರು ಫೋಲ್ಡರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿಯೂ 'ಹೊಯ್ಸಳ'ದ 'ಹೊ' ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಅಥವಾ ಎರಡು ಸಂಕೇತಗಳಾಗಿ ಬರೆಯಲು ಸಾಧ್ಯ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಒಂದು ಪಟ್ಟಿಯಿಂದಲೇ ಹೆಸರನ್ನು ನಕಲಿಸಿ ಅಂಟಿಸುವುದು ಸುಲಭದ ಪರಿಹಾರ.

ಹಂತ 4: ಸಿಂಕ್ ಕೊನೆಗೆ

ಪ್ರಶ್ನೆ: ಒಂದು ಚಿತ್ರ ಪ್ರಯೋಗಾಲಯದ ಕಂಪ್ಯೂಟರಿನಲ್ಲಿದೆ, ಲ್ಯಾಪ್‌ಟಾಪಿನಲ್ಲಿಲ್ಲ. ಏಕೆ?

ಎರಡು ಉತ್ತರಗಳು ಬಂದವು: 'ಅಲ್ಲಿ ಬೇಡವೆಂದು ಅಳಿಸಿರಬಹುದು', 'ಅಲ್ಲಿಗೆ ಹೋಗಿಯೇ ಇಲ್ಲದಿರಬಹುದು'. ಮೊದಲ ಸಲ ಓಡುವ ಸಿಂಕ್ ತಂತ್ರಾಂಶಕ್ಕೆ ಈ ಎರಡರಲ್ಲಿ ಯಾವುದು ನಿಜವೆಂದು ತಿಳಿಯುವ ದಾರಿಯಿಲ್ಲ. ಇತಿಹಾಸ ಬೋಧಿಸುವವರಿಗೆ ಇದು ಹೊಸತಲ್ಲ. ಗೋಡೆಯಲ್ಲಿ ಖಾಲಿ ಗೂಡು ಕಂಡರೆ ಶಿಲ್ಪವನ್ನು ಕೆತ್ತಲೇ ಇಲ್ಲವೆ, ಕೆತ್ತಿದ್ದು ಕಳೆದುಹೋಯಿತೆ ಎಂದು ಗೂಡೊಂದೇ ಹೇಳಲಾರದು.

ಹೀಗಾಗಿ ಮೊದಲು ಒಗ್ಗೂಡಿಸುವುದು: ಇಲ್ಲಿ ಸೇರಿಸುವುದಷ್ಟೇ ಇರುತ್ತದೆ, ಅಳಿಸುವುದಕ್ಕೆ ನಮ್ಮ ಒಪ್ಪಿಗೆ ಬೇಕು. ಎರಡೂ ಕಡೆ ಸಮನಾದ ಮೇಲೆ ಸಿಂಕ್. ಪ್ರಯೋಗಾಲಯದ ಕಂಪ್ಯೂಟರ್ ಮೂಲ, ಲ್ಯಾಪ್‌ಟಾಪ್ ಅದರ ಪ್ರತಿ ಎಂದು ಗೊತ್ತುಮಾಡಿದೆವು. ಸಿಂಕ್ ಅಳಿಸುವಿಕೆಯನ್ನೂ ಅಷ್ಟೇ ನಿಷ್ಠೆಯಿಂದ ದಾಟಿಸುತ್ತದೆ. ಅದನ್ನೇ ಸುರಕ್ಷಿತ ಪ್ರತಿಯೆಂದು ಭಾವಿಸಬಾರದು. ತೆಗೆದಿಟ್ಟ ಹೊರ ಡಿಸ್ಕ್ ಆ ಕೆಲಸಕ್ಕೆ.

ಶೀರ್ಷಿಕೆಗಳ ಬಗ್ಗೆ ಒಂದು ಮಾತು. ಕೆಲವು ತಂತ್ರಾಂಶಗಳಲ್ಲಿ ನಾವು ಬರೆದ ವಿವರ ಚಿತ್ರದ ಕಡತದೊಳಗೆ ಹೋಗದೆ ತಂತ್ರಾಂಶದ ದತ್ತಕೋಶದಲ್ಲಿ ಉಳಿಯುತ್ತದೆ. ಫೋಲ್ಡರನ್ನು ಮಾತ್ರ ನಕಲಿಸಿದರೆ ವಿವರ ಹಿಂದೆಯೇ ಉಳಿದುಬಿಡುತ್ತದೆ. ವಿವರವನ್ನು ಕಡತದಲ್ಲಿಯೇ ಬರೆಯುವ ಆಯ್ಕೆಯನ್ನು ಆರಂಭದಲ್ಲೇ ನೋಡಿಕೊಳ್ಳಬೇಕು.

ಮೌಲ್ಯಮಾಪನ ಮತ್ತು ಅವಲೋಕನ

12 ಕಡತಗಳನ್ನು ಮೂರು ವರ್ಗಗಳಿಗೆ ಹಂಚಿ, ಪ್ರತಿಯೊಂದಕ್ಕೂ ಕಾರಣ ಬರೆಯಲು ಹೇಳಿದೆ. ಉತ್ತರಕ್ಕಿಂತ ಕಾರಣಕ್ಕೆ ಹೆಚ್ಚು ಅಂಕ ಇಟ್ಟಿದ್ದೆ. 'ಹೆಸರು ಒಂದೇ ಇದೆ' ಎಂಬ ಕಾರಣ ಯಾವ ಉತ್ತರಪತ್ರಿಕೆಯಲ್ಲೂ ಮತ್ತೆ ಕಾಣಲಿಲ್ಲ. ಸಿಂಕ್ ಕುರಿತ ಹಂತಕ್ಕೆ ಸಮಯ ಸಾಲದು. ಮೂರನೆಯ ಅವಧಿ ಇದ್ದರೆ ಒಳ್ಳೆಯದು.

ಪ್ರಶಿಕ್ಷಣಾರ್ಥಿಗಳಿಗೆ ಚಟುವಟಿಕೆ

ನಿಮ್ಮ ಇಂಟರ್ನ್‌ಶಿಪ್ ಶಾಲೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೂ ಈ ಪಾಠ ಮಾಡಬಹುದು. ಹತ್ತು ಚಿತ್ರಗಳನ್ನು ಮುದ್ರಿಸಿ, ಹಿಂಬದಿಯಲ್ಲಿ ಹೆಸರು, ಸಮಯ, ಗಾತ್ರ ಬರೆದು ಎರಡು ಲಕೋಟೆಗಳಲ್ಲಿ ಹಾಕಿ. ಒಂದು ಲಕೋಟೆಯ ಸಮಯವೆಲ್ಲ ಅರ್ಧ ಗಂಟೆ ಮುಂದಿರಲಿ. ಮಕ್ಕಳು ಎರಡನ್ನೂ ಸೇರಿಸಿ ಒಂದೇ ಸಾಲಾಗಿ ಜೋಡಿಸಲಿ. ಬಿಟ್ಟ ಪ್ರತಿಯೊಂದು ಚಿತ್ರಕ್ಕೂ ಏಕೆ ಬಿಟ್ಟೆವೆಂದು ಬರೆಯಲಿ.