ಹೃದಯ ಗೆಲ್ಲಲು ವಯಸ್ಸಾಗಬೇಕಿಲ್ಲ: ಮಂಗಳೂರಿನ ಯುವಜನರಿಗೆ ಒಂಬತ್ತು ಸೂತ್ರಗಳು

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ಬರೀ 46 ವರ್ಷ. 2025ರಲ್ಲಿ ಹಾಸನದಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬಂದಾಗ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಹೆಚ್ಚಿನವರು ಕೇಳಿದ್ದು ಇಸಿಜಿ. ಆದರೆ ಇಸಿಜಿ ಹೇಳುವುದು ಈ ಹೊತ್ತಿನ ಹೃದಯದ ಸಮಾಚಾರ. ಹತ್ತಿಪ್ಪತ್ತು ವರ್ಷ ಮುಂಚೆಯೇ ಸುಳಿವು ಕೊಡುವುದು ರಕ್ತದ ಕೊಬ್ಬಿನ ಪರೀಕ್ಷೆ, ಅಂದರೆ ಲಿಪಿಡ್ ಪ್ರೊಫೈಲ್. ಅದನ್ನು ಮಾಡಿಸುವುದು, ಓದುವುದು, ಅದರಂತೆ ನಡೆಯುವುದು ಹೇಗೆ? ಇಲ್ಲಿದೆ.

1. ಮೊದಲ ಪರೀಕ್ಷೆಗೆ ನಲವತ್ತರವರೆಗೆ ಕಾಯಬೇಡಿ.
ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಮೊದಲ ಲಿಪಿಡ್ ಪ್ರೊಫೈಲ್ 18ಕ್ಕೇ ಆಗಬೇಕು. ಮೊದಲ ಸಲಕ್ಕೆ ಖಾಲಿ ಹೊಟ್ಟೆಯೂ ಬೇಕಿಲ್ಲ. ರಕ್ತದ ಒಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 400 ದಾಟಿದರೆ ಮಾತ್ರ ಉಪವಾಸವಿದ್ದು ಮತ್ತೊಮ್ಮೆ ಮಾಡಿಸಿ. ಕಾಲೇಜು ಮುಗಿಸಿದವರು ಇನ್ನೂ ಮಾಡಿಸಿಲ್ಲವೆಂದರೆ ಈಗಲೇ ತಡವಾಗಿದೆ.

2. ತೆಳ್ಳಗಿದ್ದೇನೆ ಎಂದು ಬೀಗಬೇಡಿ.
52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ ಕಂಡಂತೆ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೇ ಆಗುತ್ತದೆ. ಉಳಿದವರಿಗಿಂತ ಐದಾರು ವರ್ಷ ಮೊದಲು. ನಮ್ಮವರಲ್ಲಿ ಸಾಮಾನ್ಯವಾಗಿ ಕಾಣುವುದು ಟ್ರೈಗ್ಲಿಸರೈಡ್ ಜಾಸ್ತಿ, ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಕಡಿಮೆ. ತೂಕದ ಯಂತ್ರಕ್ಕೆ ಇದು ಕಾಣುವುದಿಲ್ಲ. ಕೈಕಾಲು ಸಣಕಲಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ಇನ್ನಷ್ಟು ಹುಷಾರಾಗಿರಬೇಕು.

3. ರಿಪೋರ್ಟ್ ಬಂದ ಕೂಡಲೇ ಒಂದು ಕಳೆಯುವ ಲೆಕ್ಕ ಮಾಡಿ.
ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ. ಉಳಿಯುವುದೇ ನಾನ್-ಎಚ್‌ಡಿಎಲ್, ರಕ್ತನಾಳಕ್ಕೆ ಅಂಟಬಲ್ಲ ಕೊಬ್ಬಿನ ಒಟ್ಟು ಮೊತ್ತ. ಒಬ್ಬರ ರಿಪೋರ್ಟಿನಲ್ಲಿ ಒಟ್ಟು 228, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 240, ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ 144 ಇದೆ ಎನ್ನಿ. 228ರಲ್ಲಿ 36 ಕಳೆದರೆ 192. ಬೇರೆ ಅಪಾಯವಿಲ್ಲದವರಿಗೂ ಇದು 130ರೊಳಗೆ, ಎಲ್‌ಡಿಎಲ್ 100ರೊಳಗೆ ಇರಬೇಕು. ಸಕ್ಕರೆ ಕಾಯಿಲೆಯಂಥ ಅಪಾಯವಿದ್ದರೆ ಗುರಿ ಇನ್ನೂ ಕೆಳಗೆ: ಎಲ್‌ಡಿಎಲ್ 70ರೊಳಗೆ. ಲ್ಯಾಬಿನವರು ಪಕ್ಕದಲ್ಲಿ ಅಚ್ಚು ಹಾಕಿದ ‘ನಾರ್ಮಲ್’ ಎಲ್ಲರಿಗೂ ಒಂದೇ. ನಿಮ್ಮ ಗುರಿ ಎಷ್ಟೆಂದು ವೈದ್ಯರನ್ನೇ ಕೇಳಿ.

4. ಮನೆಯವರ ಚರಿತ್ರೆ ಕೆದಕಿ.
ಅಪ್ಪನಿಗೋ ಅಣ್ಣನಿಗೋ 55ರೊಳಗೆ, ಅಮ್ಮನಿಗೋ ಅಕ್ಕನಿಗೋ 65ರೊಳಗೆ ಹೃದಯಾಘಾತ ಆಗಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಎಲ್‌ಡಿಎಲ್ 190 ದಾಟಿದ್ದರೆ ಅದು ಊಟದ ತಪ್ಪಷ್ಟೇ ಆಗಿರಲಾರದು, ವಂಶವಾಹಿಯಲ್ಲೇ ಬಂದಿರಬಹುದು. ಇಂಥ ತೊಂದರೆ ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ಆಗ ಒಡಹುಟ್ಟಿದವರಿಗೂ ಮಕ್ಕಳಿಗೂ ಪರೀಕ್ಷೆ ಬೇಕು, ದುಬೈಯಲ್ಲಿರುವ ತಮ್ಮನಿಗೂ ಸುದ್ದಿ ಮುಟ್ಟಿಸಿ. ಲೈಪೋಪ್ರೋಟೀನ್-ಎ ಎಂಬ ಇನ್ನೊಂದು ಪರೀಕ್ಷೆಯನ್ನು ಜೀವಮಾನದಲ್ಲಿ ಒಮ್ಮೆಯಾದರೂ ಮಾಡಿಸಿ. ಅದು ಹುಟ್ಟಿನಿಂದ ಬರುವ ಸೊತ್ತು, ಪಥ್ಯ ಮಾಡಿದರೆ ಇಳಿಯುವುದಿಲ್ಲ.

5. ಮೀನು ಬಿಡಬೇಡಿ, ತವಾ ಫ್ರೈ ಬಿಡಿ.
ಬೂತಾಯಿ, ಬಂಗುಡೆ ಎರಡರಲ್ಲೂ ಒಮೆಗಾ-3 ಕೊಬ್ಬು ಧಾರಾಳವಾಗಿದೆ. ಬಡವರ ಮೀನೆಂದು ಮೂಗು ಮುರಿಯಬೇಡಿ. ಆದರೆ ಅದೇ ಬಂಗುಡೆಗೆ ಮಸಾಲೆ ಮೆತ್ತಿ, ರವೆಯಲ್ಲಿ ಹೊರಳಿಸಿ, ಎಣ್ಣೆಯಲ್ಲಿ ಮುಳುಗಿಸಿದರೆ ಲಾಭ ಕರಗಿತು. ಹುಣಸೆಹುಳಿ, ಬ್ಯಾಡಗಿ ಮೆಣಸಿನ ಪುಳಿಮುಂಚಿ ಮಾಡಿ. ಬಾಳೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿ.

6. ತೆಂಗಿನೆಣ್ಣೆಗೆ ಅಭಿಮಾನ ಇರಲಿ, ಅಳತೆಯೂ ಇರಲಿ.
ತೆಂಗಿನೆಣ್ಣೆಯ ಬಹುಪಾಲು ಸ್ಯಾಚುರೇಟೆಡ್ ಕೊಬ್ಬು. ಅದು ಎಚ್‌ಡಿಎಲ್ ಏರಿಸುವುದು ನಿಜ, ಎಲ್‌ಡಿಎಲ್ ಏರಿಸುವುದೂ ಅಷ್ಟೇ ನಿಜ. ಒಬ್ಬರಿಗೆ ತಿಂಗಳಿಗೆ ಎಲ್ಲ ಎಣ್ಣೆ ಸೇರಿ ಸುಮಾರು ಅರ್ಧ ಲೀಟರ್ ಎಂದು ಇಟ್ಟುಕೊಳ್ಳಿ. ಕೋರಿ ರೊಟ್ಟಿಯ ದಿನ ಗಸಿಗೆ ತೆಂಗಿನಹಾಲು ಸುರಿದಾಗಿದ್ದರೆ ಸಂಜೆಯ ಗೋಳಿಬಜೆಗೆ ರಜೆ ಕೊಡಿ. ತುಪ್ಪದಲ್ಲೇ ತೇಲುವ ಚಿಕನ್ ಘೀ ರೋಸ್ಟ್ ವಿಶೇಷ ದಿನಕ್ಕಿರಲಿ, ಪ್ರತಿ ಭಾನುವಾರಕ್ಕಲ್ಲ.

7. ಟ್ರೈಗ್ಲಿಸರೈಡನ್ನು ಎಣ್ಣೆಯಲ್ಲಷ್ಟೇ ಹುಡುಕಬೇಡಿ.
ಬೇಕಾದ್ದಕ್ಕಿಂತ ಹೆಚ್ಚು ತಿಂದ ಅನ್ನ, ಸಕ್ಕರೆ, ಕುಡಿದ ಬಿಯರ್ ಎಲ್ಲವನ್ನೂ ಯಕೃತ್ತು ಕೊಬ್ಬಾಗಿ ಮಾಡಿ ರಕ್ತಕ್ಕೆ ಬಿಡುತ್ತದೆ. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ, ಮೇಲೊಂದು ಗಡ್‌ಬಡ್ ಆದರೆ ಲೆಕ್ಕ ತಪ್ಪುತ್ತದೆ. ಕುಚಲಕ್ಕಿಯಾದರೂ ಅರ್ಧ ತಟ್ಟೆ ಬೇಡ. ಹುರುಳಿ, ಹೆಸರುಕಾಳು, ಬಸಳೆ, ತೊಂಡೆಕಾಯಿ ಜಾಗ ಹಿಡಿಯಲಿ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ. ಕದ್ರಿ ಪಾರ್ಕ್ ಇದೆ, ಮಂಗಳಾ ಸ್ಟೇಡಿಯಂ ಇದೆ. ಸಿಗರೇಟು ಎಚ್‌ಡಿಎಲ್ ಇಳಿಸುತ್ತದೆ, ರಕ್ತನಾಳದ ಒಳಪದರವನ್ನೂ ಕೆಡಿಸುತ್ತದೆ. ಅದಕ್ಕೆ ಅಳತೆಯ ಮಾತಿಲ್ಲ, ಪೂರ್ತಿ ಬಿಡಬೇಕು.

8. ಮಾತ್ರೆ ಕೊಟ್ಟರೆ ಹೆದರಬೇಡಿ, ನೀವೇ ನಿಲ್ಲಿಸಬೇಡಿ.
ಸ್ಟ್ಯಾಟಿನ್ ಮಾತ್ರೆಗಳು ಪ್ರಮಾಣಕ್ಕೆ ತಕ್ಕಂತೆ ಎಲ್‌ಡಿಎಲ್ ಅನ್ನು ಮೂರನೇ ಒಂದರಿಂದ ಅರ್ಧದಷ್ಟು ಇಳಿಸುತ್ತವೆ. ಅಂಕಿ ಇಳಿಯಿತೆಂದು ಮಾತ್ರೆ ಬಿಟ್ಟರೆ ಮತ್ತೆ ಏರುತ್ತದೆ. ಮೈಕೈ ನೋವಾದರೆ ವೈದ್ಯರಿಗೆ ಹೇಳಿ, ವಾಟ್ಸಾಪ್‌ಗೆ ಅಲ್ಲ. ಥೈರಾಯ್ಡ್ ಮಂದವಾಗಿದ್ದರೂ ಎಲ್‌ಡಿಎಲ್ ಏರುವುದರಿಂದ ಅದನ್ನೂ ಪರೀಕ್ಷಿಸಿಕೊಳ್ಳಿ. ಮಗುವಿನ ಯೋಚನೆಯಲ್ಲಿರುವ ಹೆಣ್ಣುಮಕ್ಕಳು ಮೊದಲೇ ತಿಳಿಸಬೇಕು. ಮಾತ್ರೆ ಶುರುವಾಗಿ ಒಂದೂವರೆ-ಎರಡು ತಿಂಗಳಿಗೆ ಮರುಪರೀಕ್ಷೆ ಮಾಡಿಸಿ, ಹಳೆಯ ರಿಪೋರ್ಟ್ ಜೊತೆಗೆ ಒಯ್ಯಿರಿ.

9. ಎದೆನೋವಿಗೆ ‘ಗ್ಯಾಸ್’ ಎಂದು ಹೆಸರಿಡಬೇಡಿ.
ಎದೆ ಹಿಂಡಿದಂತಾಗಿ, ಎಡಗೈಗೋ ದವಡೆಗೋ ನೋವು ಹರಿದು, ಬೆವರಿದರೆ ಸೋಡಾ ಕುಡಿದು ಕೂರಬೇಡಿ. 108ಕ್ಕೆ ಕರೆ ಮಾಡಿ. ನೀವೇ ಬೈಕ್ ಏರಿ ಹೊರಡಬೇಡಿ. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿಂದ ಬರುವ ಇಸಿಜಿಯನ್ನು ವಾಟ್ಸಾಪ್‌ನಲ್ಲೇ ನೋಡಿ ಸಲಹೆ ಕೊಡುವ ಜಾಲವನ್ನು ಕಟ್ಟಿದವರು ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್. ಪುನೀತ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದು ಉಚಿತ. ಈ ವ್ಯವಸ್ಥೆಯೆಲ್ಲ ಫಲ ಕೊಡುವುದು ನೀವು ಹೊತ್ತಿಗೆ ಮುಟ್ಟಿದರೆ ಮಾತ್ರ. ಕೊನೆಗೆ ಅದು ಬರೀ ಗ್ಯಾಸ್ ಆಗಿದ್ದರೆ ನಗುತ್ತಾ ಮನೆಗೆ ಬನ್ನಿ, ಬರುವಾಗ ಲಿಪಿಡ್ ಪ್ರೊಫೈಲಿಗೂ ರಕ್ತ ಕೊಟ್ಟು ಬನ್ನಿ.