ಕಿಬೆರಾ: ನೈರೋಬಿಯ ಕೊಳೆಗೇರಿಯಲ್ಲಿ ಸಮುದಾಯ ಜೀವನ

ಕೀನ್ಯಾದ ರಾಜಧಾನಿ ನೈರೋಬಿಯ ನೈಋತ್ಯ ಭಾಗದಲ್ಲಿರುವ ಕಿಬೆರಾ ಆಫ್ರಿಕಾದ ಅತಿ ದೊಡ್ಡ ಕೊಳೆಗೇರಿಗಳಲ್ಲಿ ಒಂದಾಗಿದ್ದು, 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ವಸಾಹತು ಸರ್ಕಾರವು ಕಿಂಗ್ಸ್ ಆಫ್ರಿಕನ್ ರೈಫಲ್ಸ್ ಪಡೆಯ ನೂಬಿಯನ್ ಸೈನಿಕರಿಗೆ ಹಕ್ಕುಪತ್ರವಿಲ್ಲದೆ ವಾಸಕ್ಕೆ ಬಿಟ್ಟುಕೊಟ್ಟ ಅರಣ್ಯಭೂಮಿಯಲ್ಲಿ ಬೆಳೆದುಬಂದಿದೆ. ಇಲ್ಲಿನ ಜನಸಂಖ್ಯೆ ಹತ್ತು ಲಕ್ಷದಷ್ಟೆಂದು ಬಹುಕಾಲ ಹೇಳಲಾಗುತ್ತಿತ್ತಾದರೂ, 2009ರ ಜನಗಣತಿಯು ಅದನ್ನು ಸುಮಾರು 1.7 ಲಕ್ಷವೆಂದು ದಾಖಲಿಸಿತು.

ಭೂಮಿಯ ಬಹುಪಾಲು ಸರ್ಕಾರದ ಒಡೆತನದಲ್ಲಿರುವುದರಿಂದ, ಮಣ್ಣಿನ ಗೋಡೆ ಮತ್ತು ತಗಡಿನ ಚಾವಣಿಯ ಒಂದೇ ಕೋಣೆಯ ಮನೆಗಳಲ್ಲಿ ಬಾಡಿಗೆಗಿರುವ ಹೆಚ್ಚಿನ ನಿವಾಸಿಗಳಿಗೆ ನೆಲೆಯ ಭದ್ರತೆಯಿಲ್ಲ. ಕುಡಿಯುವ ನೀರನ್ನೂ ಕ್ಯಾನುಗಳ ಲೆಕ್ಕದಲ್ಲಿ ಕೊಳ್ಳಬೇಕಾಗುತ್ತದೆ. ಈ ಕೊರತೆಗಳ ನಡುವೆ ಬದುಕಿಗೆ ಆಧಾರವಾಗಿರುವುದು ‘ಚಾಮಾ’, ಅಂದರೆ ಸದಸ್ಯರು ನಿಯತವಾಗಿ ಹಣ ಕೂಡಿಸಿ ಸರದಿಯಂತೆ ಒಬ್ಬೊಬ್ಬರಿಗೆ ಇಡೀ ಮೊತ್ತ ನೀಡುವ, ಚೀಟಿ ವ್ಯವಹಾರವನ್ನು ಹೋಲುವ ಉಳಿತಾಯ ಗುಂಪು.

ಕಿಬೆರಾದಲ್ಲೇ ಬೆಳೆದ ಕೆನಡಿ ಒಡೆಡೆ 2004ರಲ್ಲಿ ಆರಂಭಿಸಿದ ‘ಶೈನಿಂಗ್ ಹೋಪ್ ಫಾರ್ ಕಮ್ಯುನಿಟೀಸ್’ ಸಂಸ್ಥೆಯು 2009ರಲ್ಲಿ ಬಾಲಕಿಯರಿಗೆ ಉಚಿತ ಶಾಲೆ ತೆರೆದುದಲ್ಲದೆ, ಚರಂಡಿ ನೀರು ಬೆರೆಯದಂತೆ ಕುಡಿಯುವ ನೀರಿನ ಕೊಳವೆಗಳನ್ನು ನೆಲದಿಂದ ಎತ್ತರದಲ್ಲಿ ಕಂಬಗಳ ಮೇಲೆ ಹಾಯಿಸಿತು. ಈ ಸಂಸ್ಥೆಗೆ 2018ರ ಹಿಲ್ಟನ್ ಮಾನವೀಯ ಪ್ರಶಸ್ತಿ ಸಂದಿದೆ. 2009ರಲ್ಲೇ ಆರಂಭವಾದ ‘ಮ್ಯಾಪ್ ಕಿಬೆರಾ’ ಯೋಜನೆಯಲ್ಲಿ ಸ್ಥಳೀಯ ಯುವಕ ಯುವತಿಯರು ಜಿಪಿಎಸ್ ಉಪಕರಣ ಹಿಡಿದು ಓಣಿ, ನಲ್ಲಿ, ಶೌಚಾಲಯ, ಚಿಕಿತ್ಸಾಲಯಗಳನ್ನು ಗುರುತಿಸಿ, ಎಲ್ಲರಿಗೂ ಮುಕ್ತವಾದ ಡಿಜಿಟಲ್ ನಕ್ಷೆಯನ್ನು ರೂಪಿಸಿದರು.

2017ರಲ್ಲಿ ಕೀನ್ಯಾ ಸರ್ಕಾರವು ಕಿಬೆರಾದ 288 ಎಕರೆಗಳ ಸಾಮುದಾಯಿಕ ಹಕ್ಕುಪತ್ರವನ್ನು ಆ ಸೈನಿಕರ ವಂಶಸ್ಥರಾದ ನೂಬಿಯನ್ನರಿಗೆ ನೀಡಿತು. ನಗರ ವಸತಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ ಅಂಗಸಂಸ್ಥೆ ಯುಎನ್-ಹ್ಯಾಬಿಟಾಟ್‌ನ ಕೇಂದ್ರ ಕಚೇರಿ ನೈರೋಬಿಯಲ್ಲಿದ್ದು, 2030ರೊಳಗೆ ಕೊಳೆಗೇರಿಗಳನ್ನು ಸುಧಾರಿಸುವ ಉದ್ದೇಶವು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 11ನೆಯದರ ಭಾಗವಾಗಿದೆ.